ಹುರುಳಿ ಸಾರು ಮತ್ತು ಬಾದಲ್‌ನ ಓಟ

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿಗೆ ಇನ್ನೂ ಎರಡು ತಿಂಗಳಿತ್ತು. ಯಜಮಾನರು ನೌಕಾಪಡೆಯಲ್ಲಿದ್ದುದರಿಂದ ನಾವಾಗ ವಿಶಾಖಪಟ್ಟಣದಲ್ಲಿದ್ದೆವು. ಒಂದು ಬೆಳಿಗ್ಗೆ ವಿಜಯವಾಡದ ಪಟಮಟದಿಂದ ಸೌಮ್ಯಾಳ ಫೋನು ಬಂತು. ಅವಳ ತಂದೆ ಬ್ಯಾಂಕಿನಲ್ಲಿದ್ದಾಗ ವಿಶಾಖಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದವರು, ಧಾರವಾಡದ ಕಡೆಯವರು. ಅವಳ ತಂದೆ ತಾಯಿಯನ್ನು ನಾನೂ ಅವಳ ದೊಡ್ಡಪ್ಪನ ಮಕ್ಕಳಂತೆ ಕಾಕಾ, ಕಾಕು ಎಂದೇ ಕರೆಯುತ್ತಿದ್ದೆ.

"ಅಕ್ಕಾ, ಬಾದಲ್ ನನ್ನ ಮಾತು ಕೇಳವಲ್ಲ. ಮೊನ್ನೆ ಕೃಷ್ಣಾ ಹೊಳಿ ದಂಡಿತನಕಾ ಎಳಕೊಂಡು ಹೋಗಿಬಿಟ್ಟ. ಸಂಕ್ರಾಂತಿ ತನಕಾ ನೋಡ್ತೀನಿ, ಆಮ್ಯಾಲೆ ಮದುವಿ ಮೆರವಣಿಗಿಯವರಿಗೆ ಕೊಟ್ಟುಬಿಡ್ತೀನಿ ಅಂತ ಅಪ್ಪ ಅನ್ಲಿಕ್ಕತ್ತಾರ," ಎಂದು ಅತ್ತಳು.

ಬಾದಲ್ ಅವಳು ಆಸೆಪಟ್ಟು ತಂದಿದ್ದ ಕುದುರೆ, ರೇಸು ಬಿಟ್ಟು ಬಂದದ್ದು. ನಾನು ಮೈಸೂರಿನವಳು. ನಮ್ಮಪ್ಪ ಪೊಲೀಸ್ ಅಶ್ವದಳದಲ್ಲಿದ್ದವರು. ಅಡುಗೆಯಲ್ಲಿ ನನ್ನನ್ನು ಯಾರು ಬೇಕಾದರೂ ಸೋಲಿಸಲಿ, ಕುದುರೆಯ ವಿಷಯದಲ್ಲಿ ಮಾತ್ರ ನಾನು ಬಿಟ್ಟುಕೊಡುವವಳಲ್ಲ. ನಾನು ಬರುವವರೆಗೆ ಅದರ ಬೆನ್ನೇರಬೇಡ ಎಂದು ಹೇಳಿ ರೈಲು ಹತ್ತಿದೆ.

ಊರಾಚೆಯ ಲಾಯದಲ್ಲಿ ಸೌಮ್ಯಾ ಮೊದಲು ತನ್ನ ಅಂಗೈ ತೋರಿಸಿದಳು. ಲಗಾಮು ಎಳೆದೂ ಎಳೆದೂ ಬೊಬ್ಬೆಗಳೆದ್ದು ಒಡೆದಿದ್ದವು. ಕುದುರೆಯ ಬಾಯಿ ನೋಡಿದೆ. ಮುಳ್ಳಿನಂಥ ಕಡಿವಾಣ, ಅದರ ಕೆಳಗೆ ಗದ್ದಕ್ಕೊಂದು ಸರಪಳಿ.

"ಇದು ಮೂರನೇದು ಅಕ್ಕಾ. ಒಂದಕ್ಕಿಂತ ಒಂದು ಗಟ್ಟಿ."

"ಅಲ್ಲಮ್ಮ, ನಿನ್ನ ಬಾಯಿಗೆ ಇದನ್ನ ಹಾಕಿ ಎಳೆದ್ರೆ ನೀನು ನಿಲ್ತೀಯೋ, ಓಡ್ತೀಯೋ?" ಎಂದೆ.

ಜೀನಿನ ಮುಂಭಾಗದ ಅಡಿಗೆ ಕೈ ತೂರಿಸಿದರೆ ಬೆರಳಿಗೂ ಜಾಗವಿರಲಿಲ್ಲ. ಪಕ್ಕೆಲುಬು ಎಣಿಸುವಷ್ಟು ಬಡಕಲು ಮೈ. ಜೀನು ನೇರವಾಗಿ ಹೆಗಲ ಮೂಳೆಯ ಮೇಲೇ ಕೂತಿತ್ತು. ಅಲ್ಲಿ ಮೆಲ್ಲಗೆ ಒತ್ತಿದಾಗ ಬಾದಲ್ ಕಿವಿ ಹಿಂದಕ್ಕೆ ಮಡಚಿ ನಡುಗಿತು. ಪಾಪದ ಪ್ರಾಣಿ ಹಟದಿಂದ ಓಡುತ್ತಿರಲಿಲ್ಲ, ನೋವಿನಿಂದ ಓಡುತ್ತಿತ್ತು. ನನಗೆ ಕಣ್ಣು ತುಂಬಿ ಬಂತು.

ಆದರೆ ಒಂದು ಮಾತ್ರ ತಿಳಿಯಲಿಲ್ಲ. ಇಷ್ಟು ಬಡಕಲಾದ ಕುದುರೆಗೆ ಈ ಪರಿ ಕಾವು ಎಲ್ಲಿಂದ ಬಂತು? ಕಟ್ಟಿದಲ್ಲೇ ಕುಣಿಯುತ್ತಿತ್ತು. ಏನು ತಿನ್ನಿಸುತ್ತೀಯ ಎಂದರೆ, ಹುಲ್ಲು, ಬೂಸಾ, ಡಾಕ್ಟರು ಹೇಳಿದಷ್ಟೇ ಹುರುಳಿ ಎಂದಳು ಸೌಮ್ಯಾ.

ಮಧ್ಯಾಹ್ನ ಕಾಕು ಹುರುಳಿ ಕಟ್ಟಿನ ಸಾರು ಬಡಿಸಿದರು. ಸೊರ್ ಎಂದು ಸುರಿದುಕೊಂಡು ತಿಂದೆ. ರಾತ್ರಿಯೂ ಅದೇ ಸಾರು. ಮಾರನೆಯ ದಿನ ಹೊಸದಾಗಿ ಬಸಿದ ಕಟ್ಟಿನದು ಮತ್ತೊಂದು. ನನಗೆ ತಡೆಯಲಾಗಲಿಲ್ಲ.

"ಕಾಕೂ, ಕಟ್ಟೇನೋ ನಮಗೆ ಬಂತು. ಬೆಂದ ಕಾಳೆಲ್ಲಾ ಎಲ್ಲಿಗೆ ಹೋಯ್ತು? ಪಲ್ಯಾನೂ ಕಾಣಲಿಲ್ಲ."

ಕಾಕು ಸಾರಿನ ಸೌಟು ಹಿಡಿದು ಗೋಡೆ ನೋಡತೊಡಗಿದರು. ಆಮೇಲೆ ಮೆಲ್ಲಗೆ ಬಾಯಿಬಿಟ್ಟರು. "ಅದರ ಎಲಬು ನೋಡ್ಲಿಕ್ಕೆ ಆಗೂದಿಲ್ಲವ್ವಾ. ದಿನಾ ಮಧ್ಯಾಹ್ನ ಆಟೋದಾಗ ಹೋಗಿ, ಕಾಳಿಗೆ ಬೆಲ್ಲಾ ಕಲಸಿ ತಿನ್ನಿಸಿ ಬರ್ತೀನಿ. ಇವರಿಗೆ ಹೇಳಿಲ್ಲ."

ಕಾಕಾ ಉಣ್ಣುವುದನ್ನು ನಿಲ್ಲಿಸಿದರು. "ಅಯ್ಯ ಇಕಿನ! ನಾ ಮುಂಜಾನೆ ವಾಕಿಂಗಿಗೆ ಹೋದಾಗ ಒಂದು ಡಬ್ಬಿ ಓಟ್ಸ್ ಹಾಕಿ ಬರ್ತೀನಲ್ಲ!"

ಕುದುರೆ ಮಾರುತ್ತೇನೆ ಎಂದು ಗುಡುಗುತ್ತಿದ್ದವರೇ ಇವರು! ಸೌಮ್ಯಾ ಅವರಿಬ್ಬರ ಮುಖವನ್ನೂ ಮಿಕಿಮಿಕಿ ನೋಡಿದಳು. ನಾನು ನಕ್ಕೂ ನಕ್ಕೂ ನೀರು ಕುಡಿದೆ. ಆಮೇಲೆ ಬಿಡಿಸಿ ಹೇಳಿದೆ: ಇಷ್ಟು ಕಾಳು ತಿಂದು ದಿನವಿಡೀ ಲಾಯದಲ್ಲಿ ನಿಂತರೆ ಅದು ಮೈಗೆ ಹತ್ತುವುದಿಲ್ಲ, ಕಾಲಿಗೆ ಹತ್ತುತ್ತದೆ. ಬೆನ್ನಿಗೆ ಮಾಂಸ ತುಂಬದೆ ಜೀನೂ ಸರಿಯಾಗಿ ಕೂರುವುದಿಲ್ಲ.

ಓಟ್ಸೂ ಬೆಲ್ಲವೂ ಬಂದ್ ಆದವು. ಹುರುಳಿ ಹಿಡಿಯಷ್ಟಕ್ಕೆ ಇಳಿಯಿತು. ಎದುರಿಗೆ ಸದಾ ಒಣಹುಲ್ಲು, ಬೂಸಾದ ಜೊತೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತ ಎಣ್ಣೆ, ಚೆನ್ನಾಗಿ ಬೇಯಿಸಿದ ಅಗಸೆ ಬೀಜ. ಅಗಸೆ ಬೇಯಿಸುವ ಕೆಲಸ ಕಾಕುವಿಗೇ ಕೊಟ್ಟೆ, ಕೈ ಸುಮ್ಮನಿರಬೇಕಲ್ಲ! ವಿಶಾಖಪಟ್ಟಣದ ಪರಿಚಯದವರಿಂದ, ಹೆಗಲ ಮೂಳೆಗೆ ತಾಗದಂತೆ ಮುಂಭಾಗದಲ್ಲಿ ಎತ್ತರದ ಕಮಾನಿರುವ ಹಳೆಯ ಜೀನು ತರಿಸಿದೆ. ಬಾಯಿಗೆ ನಾನು ಜೊತೆಗೆ ತಂದಿದ್ದ ನಮ್ಮಪ್ಪನ ಕಾಲದ ನುಣುಪಾದ ಸಾದಾ ಕಡಿವಾಣ ಹಾಕಿದೆ. ಹೆಗಲು ವಾಸಿಯಾಗುವವರೆಗೆ ಜೀನಿಲ್ಲದೆ ಬರೀ ಲಗಾಮು ಹಿಡಿದು ನಡೆಸು ಎಂದು ಸೌಮ್ಯಾಳಿಗೆ ಹೇಳಿ ಬಂದೆ. ಅವಳು ವಾರವಾರ ಫೋಟೊ ಕಳಿಸುತ್ತಿದ್ದಳು. ಪಕ್ಕೆಲುಬು ಒಂದೊಂದಾಗಿ ಮರೆಯಾದವು.

ಸಂಕ್ರಾಂತಿಯ ದಿನ ನಾನು ಮತ್ತೆ ಅಲ್ಲಿದ್ದೆ. ಕಾಕಾ ಮೊದಲೇ ಮಾತು ಕೊಟ್ಟಿದ್ದರಿಂದ ಮೆರವಣಿಗೆಯವನೂ ಕುದುರೆ ನೋಡಲು ಬಂದು ನಿಂತಿದ್ದ. ಸೌಮ್ಯಾ ಹತ್ತಿ ಹೊರಟಳು. ನಾಲ್ಕು ಹೆಜ್ಜೆ ಹೋಗಿಲ್ಲ, ತಿರುವಿನಿಂದ ಡೋಲು, ಸನಾಯಿ ಬಾರಿಸುತ್ತ ಹಬ್ಬದ ಬಸವನನ್ನು ಆಡಿಸುವವರು ಎದುರಾದರು. ಬಾದಲ್ ಕತ್ತೆತ್ತಿತು. ಸೌಮ್ಯಾಳ ಮುಷ್ಟಿ ಬಿಗಿಯಾಯಿತು.

"ಎಳೀಬೇಡ! ಕೈ ಸಡಿಲ ಬಿಡು!" ಎಂದು ಕೂಗಿದೆ.

ಅವಳು ಕಣ್ಣು ಮುಚ್ಚಿ ಲಗಾಮು ಸಡಿಲಿಸಿದಳು. ಬಾದಲ್ ಕಿವಿ ನಿಮಿರಿಸಿ, ಬಣ್ಣದ ಬಟ್ಟೆ ಹೊದ್ದ ಬಸವನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಮೂಗಿನಿಂದ ಭುಸ್ಸೆಂದು ಉಸಿರುಬಿಟ್ಟು, ಅದರ ಪಕ್ಕದಲ್ಲೇ ಸಾವಕಾಶವಾಗಿ ನಡೆದುಹೋಯಿತು.

ಮೆರವಣಿಗೆಯವನಿಗೆ ಖುಷಿಯೋ ಖುಷಿ. ಡೋಲಿಗೆ ಹೆದರದ ಕುದುರೆ ಅವನಿಗೆ ಇನ್ನೆಲ್ಲಿ ಸಿಗಬೇಕು? ಈಗಲೇ ಕೊಡಿ ಎಂದು ದುಂಬಾಲು ಬಿದ್ದ. ಎಲ್ಲರೂ ಕಾಕಾರ ಮುಖ ನೋಡಿದೆವು.

"ಲೇದು ಬಾಬೂ, ಅಮ್ಮಂ," ಎಂದುಬಿಟ್ಟರು ಕಾಕಾ. ಮಾರುವ ಮಾತೇ ಇಲ್ಲವೆಂದು ತೆಲುಗಿನಲ್ಲೇ ಹೇಳಿ, ಕುದುರೆಯ ಕಡೆಗೆ ಹೊರಟೇಬಿಟ್ಟರು. ಓಟ್ಸ್ ತೆಗೆಯಲೆಂದು ಜೇಬಿಗೆ ಹೋಗುತ್ತಿದ್ದ ಅವರ ಕೈಯನ್ನು ಕಾಕು ಗಟ್ಟಿಯಾಗಿ ಹಿಡಿದುಕೊಂಡರು.

ಸೌಮ್ಯಾ ಇಳಿದು ಬಂದು ಎರಡೂ ಅಂಗೈ ನನ್ನ ಮುಂದೆ ಚಾಚಿದಳು. ಒಂದು ಗಾಯವೂ ಇರಲಿಲ್ಲ. ನಮ್ಮಪ್ಪ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರೋ ಎಂದು ಆ ಕ್ಷಣ ಅನ್ನಿಸಿದ್ದು ಇವತ್ತಿಗೂ ಹಾಗೇ ಇದೆ.

ಆ ಮಧ್ಯಾಹ್ನ ಕಾಕು ನನ್ನ ತಟ್ಟೆಗೆ ಹುರುಳಿ ಕಾಳಿನ ಪಲ್ಯ ಬಡಿಸಿದರು. ಎರಡನೇ ಸಲ ಕೇಳಿ ಹಾಕಿಸಿಕೊಂಡೆ.