ಖಾಲಿ ಟ್ಯಾಂಕಿನೊಳಗಿನ ಅಲೆಗಳು

ಊರಿಗೆ ನೀರು ಬಿಡುವ ಮೊದಲು ಪಂಪಕ್ಕ ಅದೇ ನೀರನ್ನು ಒಂದು ಲೋಟ ತಾನು ಕುಡಿಯುತ್ತಾಳೆ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ಇದು ತಪ್ಪಿಲ್ಲ. ಬಾಟಲಿ ತುಂಬಿ ಪರೀಕ್ಷೆಗೆ ಕಳಿಸುವುದು ಆಫೀಸಿನ ಕೆಲಸ; ಇದು ಅವಳ ಮನಸ್ಸಿನ ಸಮಾಧಾನಕ್ಕೆ. ಕಣ್ಣು ಮುಚ್ಚಿ ದೇವರನ್ನು ನೆನೆದು, ನಿಂತೇ ಕುಡಿದು, ಲೋಟ ಬೋರಲು ಹಾಕಿ ಆಮೇಲೆ ವಾಲ್ವಿನ ಚಕ್ರಕ್ಕೆ ಕೈ ಹಾಕುತ್ತಾಳೆ. ನೀರು ಕೆಟ್ಟ ದಿನ ಊರಿಗಿಂತ ಮೊದಲು ನಾನು ಹೆಂಡತಿ ಕಳಕೊಳ್ಳುವವನು ಎಂದು ಅವಳ ಗಂಡ ಹೇಳಿಕೊಂಡು ತಿರುಗುತ್ತಾನೆ. ಅವನು ಕಿವಿಯಂತ್ರ ರಿಪೇರಿ ಮಾಡುವವನು. ಇಡೀ ದಿನ ಕಿವಿ ಕೇಳದವರ ಜೊತೆ ಕೂಗಿ ಕೂಗಿ, ಮನೆಯಲ್ಲೂ ಗುಟ್ಟು ಹೇಳಲು ಬಾರದ ಮನುಷ್ಯ.

ಪಂಪಕ್ಕನ ಕೆಲಸದಲ್ಲಿ ಕಾಯುವುದೇ ಹೆಚ್ಚು. ಟ್ಯಾಂಕು ತುಂಬಲು ಮೂರು ಗಂಟೆ ಬೇಕು. ಅಷ್ಟು ಹೊತ್ತೂ ಮೋಟಾರಿನ ಸದ್ದಿಗೆ ಕಿವಿ ಕೊಟ್ಟು ಕೂರಬೇಕು. ಹೀಗೆ ಕೂತಲ್ಲೇ ಅವಳು ಗಿಟಾರು ಕಲಿತಳು. ಗಿಟಾರು ಅಣ್ಣನದು. ಮದುವೆಯಾದ ಮೇಲೆ ಅವನಿಗೆ ಅದು ಅಡ್ಡವಾಗಿ, ಒಂದು ಕ್ಯಾಸೆಟ್ಟಿನ ಜೊತೆ ತಂಗಿಯ ಮನೆಗೆ ಸಾಗಹಾಕಿದ್ದ. ಕ್ಯಾಸೆಟ್ಟಿನಲ್ಲಿ ಇದ್ದದ್ದು ಸರ್ಫ್ ರಾಕ್. ಅಲೆಯ ಮೇಲೆ ಹಲಗೆ ಹಾಕಿ ಜಾರುವವರಿಗಾಗಿ ಹುಟ್ಟಿದ ಸಂಗೀತ ಅದು. ಅದರಲ್ಲಿ ಹಾಡುವವರೇ ಇರಲಿಲ್ಲ. ತಂತಿಯನ್ನು ಎಷ್ಟು ಬೇಗಬೇಗ ಮೀಟುತ್ತಿದ್ದರೆಂದರೆ, ಒಂದೊಂದು ಸ್ವರವೂ ನೀರಿನಿಂದ ಈಗಷ್ಟೇ ಎದ್ದು ಬಂದ ಹಾಗೆ ತೊಟ್ಟಿಕ್ಕುತ್ತಿತ್ತು. ನೀರಿನ ಕೆಲಸದವಳಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನಾಲ್ಕು ವರ್ಷದ ಹಿಂದೆ ಗಂಡ ಒಂದು ಹಳೆಯ ಪೆಟ್ಟಿಗೆಯನ್ನು ಹೊತ್ತು ತಂದ. ಕಿವಿ ಪರೀಕ್ಷೆಗೆ ಬಳಸಿ ಮೂಲೆಗೆ ಹಾಕಿದ ಯಂತ್ರ. ಗುಂಡಿ ತಿರುಗಿಸಿದರೆ ಕೂಂ ಎಂದೋ ಪೀಂ ಎಂದೋ ಒಂದೇ ಎಳೆಯ ಸದ್ದು ಬರುತ್ತಿತ್ತು, ನಕ್ಷತ್ರಗಳ ಆಚೆಯಿಂದ ಯಾರೋ ಕರೆದ ಹಾಗೆ. ಅವನು ಅದನ್ನು ಬಿಚ್ಚಿ, ಕಟ್ಟಿ, ಸದ್ದು ನಡುಗುವಂತೆಯೂ ಜಾರುವಂತೆಯೂ ಮಾಡಿದ. ಕತೆಯನ್ನೂ ಅವನೇ ಕಟ್ಟಿದ: ಎರಡು ಚಂದ್ರರಿರುವ ಒಂದು ಗ್ರಹ, ಅಲ್ಲಿ ನೆಲವೇ ಇಲ್ಲ, ಬರೀ ಕಡಲು. ಆಕಾಶನೌಕೆಯಿಂದ ಅಲ್ಲಿ ಬಿದ್ದವನೊಬ್ಬ ನೌಕೆಯ ಬಾಗಿಲನ್ನೇ ಹಲಗೆ ಮಾಡಿಕೊಂಡು ಅಲೆಯ ಮೇಲೆ ಬದುಕುವುದನ್ನು ಕಲಿಯುತ್ತಾನೆ. ಆ ಕತೆಯೇ ಎಂಟು ಭಾಗದ ಆಲ್ಬಮ್ಮು, ಅದರಲ್ಲಿ ಒಂದು ಮಾತೂ ಇಲ್ಲ. ಡ್ರಮ್ಮಿಗೆ ನಾದಿನಿ ಬಂದಳು. ಅವಳು ದರ್ಜಿ. ಹೊಲಿಗೆ ಯಂತ್ರ ತುಳಿದು ತುಳಿದು ಅವಳ ಕಾಲಿಗೆ ತಾಳ ತಾನಾಗಿಯೇ ಬಂದಿತ್ತು.

ಏಳು ಭಾಗಗಳು ಮನೆಯ ನಡುಕೋಣೆಯಲ್ಲೇ ಮುಗಿದವು. ಎಂಟನೆಯದಕ್ಕೆ ಪಂಪಕ್ಕ ಪಟ್ಟು ಹಿಡಿದಳು. ಅದನ್ನು ಟ್ಯಾಂಕಿನೊಳಗೇ ನುಡಿಸಬೇಕು. ನೆಲದೊಳಗಿನ ಆ ದೊಡ್ಡ ಟ್ಯಾಂಕನ್ನು ವರ್ಷಕ್ಕೊಮ್ಮೆ ಬರಿದು ಮಾಡಿ ತಿಕ್ಕುತ್ತಾರೆ. ಅಂಥ ದಿನ ಒಳಗೆ ಇಳಿದು ಕೆಮ್ಮಿದರೂ ಕೆಮ್ಮು ಹನ್ನೆರಡು ಸೆಕೆಂಡು ಸುತ್ತಾಡಿಕೊಂಡು ಬರುವುದನ್ನು ಅವಳು ಕೇಳಿದ್ದಳು. ಹೋದ ವರ್ಷ ಆ ದಿನವೇ ನಾದಿನಿ ಜ್ವರ ಬಂದು ಮಲಗಿದಳು. ಈ ವರ್ಷ ತಪ್ಪಿದರೆ ಮುಗಿಯಿತು. ಟ್ಯಾಂಕಿನ ನಡುವೆ ಗೋಡೆ ಎಬ್ಬಿಸಿ ಎರಡು ಮಾಡುವ ಆದೇಶ ಬಂದಿತ್ತು. ಗೋಡೆ ಎದ್ದ ಮೇಲೆ ಆ ದನಿ ಇರುವುದಿಲ್ಲ.

ಅನುಮತಿ ಕೇಳಿ ಬರೆದ ಅರ್ಜಿ ಮೂರು ಮೇಜು ದಾಟಿತು. ಕೊನೆಗೆ ಇಂಜಿನಿಯರ್ ಸಾಹೇಬರು, ತಮಗೂ ಒಮ್ಮೆ ಕೇಳಿಸಬೇಕೆಂಬ ಷರತ್ತಿನ ಮೇಲೆ ಸಹಿ ಹಾಕಿದರು.

ಆ ದಿನ ಹತ್ತು ಗಂಟೆಗೆ ತಿಕ್ಕುವವರು ಮೇಲೆ ಬಂದರು. ಒಂದು ಗಂಟೆಗೆ ಕ್ಲೋರಿನ್ ನೀರಿನಲ್ಲಿ ಕೊನೆಯ ಸಲ ತೊಳೆದು, ಎರಡಕ್ಕೆ ತುಂಬಲು ಶುರು ಮಾಡಿದರೆ ಐದಕ್ಕೆ ಸರಿಯಾಗಿ ಊರಿಗೆ ನೀರು. ಮೂವರ ಕೈಯಲ್ಲಿದ್ದದ್ದು ಮೂರು ಗಂಟೆ. ಡ್ರಮ್ಮುಗಳನ್ನು ಹಗ್ಗ ಕಟ್ಟಿ ಇಳಿಸಿದರು. ಒದ್ದೆ ನೆಲದಲ್ಲಿ ವೈರು ಎಳೆಯುವುದು ಬೇಡವೆಂದು ಎಲ್ಲಕ್ಕೂ ಬ್ಯಾಟರಿ. ಎಲ್ಲರ ಬೂಟನ್ನೂ ಪಂಪಕ್ಕ ತಾನೇ ತೊಳೆಸಿದಳು. ಮದುವೆ ಮನೆಯಲ್ಲೂ ಇಷ್ಟು ಸಲ ಕಾಲು ತೊಳೆದಿಲ್ಲ ಎಂದು ನಾದಿನಿ ಗೊಣಗಿದಳು.

ಮೊದಲ ಸಲ ನುಡಿಸಿದ್ದು ಗಂಜಿಯಾಯಿತು. ಅವಳ ವೇಗದ ಸ್ವರಗಳು ಗೋಡೆಗೆ ಬಡಿದು ಹಿಂದಿರುಗುವಷ್ಟರಲ್ಲಿ ಹೊಸವು ಹೊರಟು, ಹೋಗುವವೂ ಬರುವವೂ ಬಾಗಿಲಲ್ಲಿ ಸಿಕ್ಕಿಕೊಂಡ ಜನರ ಹಾಗೆ ಒಂದರ ಮೇಲೊಂದು ಬಿದ್ದವು. ಎರಡನೆಯ ಸಲವೂ ಅದೇ ಪಾಡು. ಗಂಡ ತಲೆ ಕೆರೆದುಕೊಂಡ. ಗೋಡೆಗೆ ಹೊದಿಕೆ ಹಾಕೋಣವೇ ಎಂದ. ಪಂಪಕ್ಕ ಒಂದೇ ತಂತಿ ಮೀಟಿದಳು. ಆ ದನಿ ದೂರದ ಮೂಲೆಗೆ ಹೋಗಿ, ತಿರುಗಿ, ತೆಳ್ಳಗಾಗಿ ಅವಳ ಕಾಲ ಬಳಿ ಬಂದು ಮಲಗುವವರೆಗೂ ಕಾದಳು.

"ಈ ಟ್ಯಾಂಕಿಗೂ ಮಾತಾಡೋಕೆ ಬಿಡಬೇಕು ಕಣ್ರೀ," ಎಂದಳು. "ನಾನೊಬ್ಬಳೇ ಬಡಬಡ ಅಂದ್ರೆ ಅದು ಏನು ಹೇಳೀತು?"

"ಇಷ್ಟು ವರ್ಷ ಆದ್ಮೇಲೆ ಗೊತ್ತಾಯ್ತಲ್ಲ, ನನ್ನ ಕಷ್ಟ," ಎಂದ ಗಂಡ.

ಹೊಸದಾಗಿ ಕಲಿಯಲು ಒಂದೂಕಾಲು ಗಂಟೆ ಹಿಡಿಯಿತು. ಒಂದಿಷ್ಟು ಸ್ವರ ಎಸೆಯುವುದು, ಅದು ಅಲೆಯಾಗಿ ಮರಳಿ ಬಂದಾಗ ಅದರ ಬೆನ್ನೇರಿ ಮುಂದಿನದು. ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಮತ್ತೆ ರೆಕಾರ್ಡರ್ ಒತ್ತಿದರು. ಈ ಸಲ ಎಲ್ಲವೂ ತನ್ನಷ್ಟಕ್ಕೆ ಕೂಡಿಬಂತು. ಕಿವಿ ಪರೀಕ್ಷೆಯ ಯಂತ್ರದ ದನಿ ಮೇಲೆಲ್ಲೋ ಚಂದ್ರನ ಹಾಗೆ ತೇಲಿತು, ಕೆಳಗೆ ನಾದಿನಿಯ ಡ್ರಮ್ಮು ಉಕ್ಕಿತು, ನಡುವೆ ಗಿಟಾರು ಜಾರಿತು. ಮೇಲಿನ ಬಾಯಿಯ ಬಳಿ ಬಗ್ಗಿ ನೋಡುತ್ತಿದ್ದ ಇಂಜಿನಿಯರು ಕೈಯಲ್ಲಿದ್ದ ಫೋನನ್ನೇ ಮರೆತರು.

ನಾಲ್ಕನೆಯ ನಿಮಿಷದಲ್ಲಿ, ಅಲೆ ತುದಿಗೇರುವ ಜಾಗದಲ್ಲಿ, ಪಂಪಕ್ಕನಿಗೆ ಟಪ್ ಎಂಬ ಸದ್ದು ಕೇಳಿತು. ಮತ್ತೆ ಟಪ್. ನೀರು ಒಳಬರುವ ಕೊಳವೆಯ ವಾಲ್ವು ತೊಟ್ಟಿಕ್ಕುತ್ತಿತ್ತು. ಅವಳು ಯೋಚಿಸಲಿಲ್ಲ, ತಲೆಗೆ ಸುದ್ದಿ ಮುಟ್ಟುವ ಮೊದಲೇ ಕೈ ತಂತಿ ಬಿಟ್ಟಿತ್ತು, ಕಾಲು ಹೊರಟಿತ್ತು. ನಾಲ್ಕು ಹೆಜ್ಜೆ ನಡೆದು, ಚಕ್ರವನ್ನು ಕಾಲು ಸುತ್ತು ಬಿಗಿ ಮಾಡಿದಳು. ತೊಟ್ಟು ನಿಂತಿತು. ತಾನು ಮಾಡಿದ್ದೇನೆಂದು ಆಗ ಗೊತ್ತಾಗಿ, ಓಡಿ ಬಂದು ಉಳಿದದ್ದನ್ನು ನುಡಿಸಿದಳು. ಅಷ್ಟರಲ್ಲಿ ಹನ್ನೊಂದು ಸೆಕೆಂಡು ಗಿಟಾರಿಲ್ಲದೆ ಕಳೆದಿತ್ತು.

ಕೊನೆಯ ದನಿ ಅಡಗಿತು. ಆಮೇಲೆ ನಾದಿನಿ ಡ್ರಮ್ಮಿನ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ಅತ್ತಿಗೆ, ಮನೇಲಿ ಹಾಲು ಉಕ್ಕಿದಾಗ ಒಂದಿನಾನೂ ಹೀಗೆ ಓಡಿದ್ದು ನೋಡಿಲ್ಲಪ್ಪ ನಾನು," ಎಂದಳು. ಮೂವರೂ ನಕ್ಕರು, ಟ್ಯಾಂಕೂ ಹನ್ನೆರಡು ಸೆಕೆಂಡು ನಕ್ಕಿತು.

ಆಗ ಹನ್ನೆರಡೂವರೆ. ಸಾಮಾನು ಮೇಲೆತ್ತಲು ಅರ್ಧ ಗಂಟೆ ಬೇಕು. ಇನ್ನೊಮ್ಮೆ ನುಡಿಸಲು ಹೊತ್ತಿಲ್ಲ, ಇನ್ನೊಂದು ವರ್ಷವೂ ಇಲ್ಲ. ಹೆಡ್‌ಫೋನಿನಲ್ಲಿ ಆ ಜಾಗವನ್ನು ಮತ್ತೆ ಮತ್ತೆ ಕೇಳುತ್ತಿದ್ದ ಗಂಡ ಅದನ್ನು ಪಂಪಕ್ಕನ ಕಿವಿಗೆ ಹಚ್ಚಿದ. ಗಿಟಾರು ಕರಗುತ್ತಾ ಕರಗುತ್ತಾ ಮಾಯ, ಡ್ರಮ್ಮು ದೂರ, ಮೇಲೆ ಒಂಟಿ ದನಿ, ಟಪ್, ಟಪ್, ಅದೂ ನಿಂತಿತು. ಆಮೇಲೆ ಗಿಟಾರು ಏದುಸಿರು ಬಿಡುತ್ತಾ ಬಂತು.

"ನಮ್ಮವನು ಹಲಗೆಯಿಂದ ಬಿದ್ದು ಮುಳುಗಿದ್ದ," ಎಂದ ಅವನು. "ಎದ್ದನಲ್ಲ ಮತ್ತೆ. ಎದ್ದೇ ಎದ್ದ."

ಅವಳು ಎರಡನೆಯ ಸಲ ಕೇಳಿದಳು. ತಾನು ಅಂದುಕೊಂಡದ್ದು ಇದಲ್ಲ. ಆದರೆ ಇದರಲ್ಲಿ ಸುಳ್ಳಿಲ್ಲ ಅನಿಸಿತು. ದೇವರು ಇಷ್ಟು ಕೊಟ್ಟಿದ್ದಾನೆ ಎಂದುಕೊಂಡಳು, ಎದೆ ಹಗುರಾಯಿತು.

ಅಷ್ಟರಲ್ಲಿ ಇಂಜಿನಿಯರು ಏಣಿ ಇಳಿದು ಬಂದರು. ಅವರ ಕಣ್ಣು ಇನ್ನೂ ಹೊಳೆಯುತ್ತಿತ್ತು.

"ಪಂಪಕ್ಕ, ಇನ್ನೊಂದ್ಸಲ ನುಡಿಸಿ," ಎಂದರು. "ವಾಲ್ವು ಕೈಕೊಟ್ಟಿತ್ತು, ಅದಕ್ಕೆ ತುಂಬೋದು ಎರಡು ಗಂಟೆ ತಡ ಆಯ್ತು ಅಂತ ನಾನು ಬರೀತೀನಿ. ತೊಟ್ಟಿಕ್ಕಿದ್ದು ಸುಳ್ಳಲ್ವಲ್ಲ. ಯಾರೂ ಕೇಳಲ್ಲ."

ನಾದಿನಿ ಕೋಲನ್ನು ಮೆಲ್ಲಗೆ ಕೈಗೆ ತೆಗೆದುಕೊಂಡಳು. ಗಂಡ ಹೆಂಡತಿಯ ಮುಖ ನೋಡಿದ. ಪಂಪಕ್ಕ ಗಿಟಾರನ್ನು ಚೀಲಕ್ಕೆ ಇಳಿಸುತ್ತಿದ್ದವಳು ಅದನ್ನು ನಿಲ್ಲಿಸಲಿಲ್ಲ.

"ನಿಮ್ಮದು ದೊಡ್ಡ ಮನಸ್ಸು ಸಾರ್. ಆದ್ರೆ ಬೇಡ. ಏರಿನ ಮೇಲಿನ ಕೊನೇ ಬೀದಿಗೆ ನೀರು ಹತ್ತೋದೇ ಇಪ್ಪತ್ತು ನಿಮಿಷ. ಐದಕ್ಕೆ ಬಿಟ್ರೆ ಅವರಿಗೆ ಮುಟ್ಟುತ್ತೆ, ಏಳಕ್ಕೆ ಬಿಟ್ರೆ ಕೆಳಗಿನ ಬೀದಿಯವರೆಲ್ಲ ಒಟ್ಟಿಗೆ ನಲ್ಲಿ ತಿರುಗಿಸ್ತಾರೆ, ಮೇಲಿನವರ ನಲ್ಲೀಲಿ ಬರೀ ಗಾಳಿ ಬರುತ್ತೆ." ಚೀಲದ ಜಿಪ್ಪು ಎಳೆದು ನಾದಿನಿಯ ಹೆಗಲಿಗೆ ಏರಿಸಿದಳು. "ನೀವು ಸ್ವಲ್ಪ ಏಣಿ ಬಿಟ್ಟು ಪಕ್ಕಕ್ಕೆ ಬನ್ನಿ ಸಾರ್. ಡ್ರಮ್ಮು ಮೇಲೆ ಹೋಗ್ಲಿ, ನಾನು ತೊಳೆಯೋಕೆ ಶುರು ಮಾಡಬೇಕು."