ಗೌರಕ್ಕ ಮಾರದ ಬಂದೂಕು

ಗಂಡ ಹೆಂಡತಿ ಜೊತೆಯಾಗಿ ಬಂದರೆ ಗೌರಕ್ಕ ಮಾತಾಡಿಸುತ್ತಿದ್ದದ್ದು ಗಂಡನನ್ನು, ನೋಡುತ್ತಿದ್ದದ್ದು ಹೆಂಡತಿಯನ್ನು. ಅರೆಕೆರೆಯ ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಲು ನಾವು ಹೋದ ದಿನವೂ ಹಾಗೇ ಆಯಿತು. ನಮ್ಮ ಯಜಮಾನರು ಕೆಲಸ, ಊರು, ಮನೆತನ ಎಲ್ಲ ಒಪ್ಪಿಸುತ್ತಿದ್ದರೆ, ಆಕೆ ವೀಳ್ಯದೆಲೆಗೆ ಸುಣ್ಣ ಸವರುತ್ತಾ ನನ್ನನ್ನೇ ದಿಟ್ಟಿಸುತ್ತಿದ್ದರು. ಕೊನೆಗೆ "ನೀರು ಕುಡೀವಂತೆ ಬಾರಮ್ಮ" ಎಂದು ನನ್ನೊಬ್ಬಳನ್ನೇ ಅಡುಗೆಮನೆಗೆ ಕರೆದು, ಚೊಂಬು ಕೈಗಿಟ್ಟು ಕೇಳಿದರು.

"ಕೋಪ ಬಂದ್ರೆ ಏನ್ ಮಾಡ್ತಾನೆ ನಿನ್ ಗಂಡ?"

"ಊಟ ಬಿಡ್ತಾರೆ," ಎಂದೆ.

"ಬಿಡ್ಲಿ ಬಿಡು, ಅಕ್ಕಿ ಉಳೀತದೆ," ಎಂದು ನಕ್ಕು ಬೀಗದ ಕೈ ತಂದುಕೊಟ್ಟರು.

ಕುಳ್ಳಗೆ, ದಪ್ಪಗೆ, ಹಣೆಗೆ ದೊಡ್ಡ ಕುಂಕುಮವಿಟ್ಟುಕೊಂಡು ಜಗುಲಿಯ ಮೇಲೆ ಕೂತರೆ ಬೀದಿಗೆಲ್ಲ ಅವರೇ ಯಜಮಾನಿ. ಎದುರಿನ ಅಪಾರ್ಟ್‌ಮೆಂಟ್ ಎದ್ದಿದ್ದು ಅವರದೇ ಹೊಲದಲ್ಲಿ. "ನೋಡು ಟೀಚರಮ್ಮ, ನಮ್ ರಾಗಿ ಈ ಸಲ ಎಷ್ಟು ಮಹಡಿ ಎತ್ತರ ಬೆಳ್ದದೆ," ಎನ್ನುತ್ತಿದ್ದರು. ನಾನು ಜಯನಗರದ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುವವಳು. ನನ್ನ ಹೆಸರನ್ನು ಅವರು ಒಂದು ದಿನವೂ ಹಿಡಿದು ಕರೆಯಲಿಲ್ಲ. ಸಂಜೆ ಶಾಲೆಯಿಂದ ಬಂದರೆ ಒಂದು ಲೋಟ ಕಾಫಿ ಕುಡಿಸದೆ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ.

ಅವರ ಯಜಮಾನರು ರಾಮಣ್ಣ ಮೆತ್ತಗಿನ ಮನುಷ್ಯ. ಬಿಳಿ ಷರಟು ಹಾಕಿಕೊಂಡು ಗೇಟಿನ ಹತ್ತಿರ ನಿಂತಿರುತ್ತಿದ್ದರು. "ಚೆನ್ನಾಗಿದ್ದೀರಾ ಅಮ್ಮ?" ಎಂದು ಕೇಳದೆ ಒಂದು ಬೆಳಿಗ್ಗೆಯೂ ಬಿಟ್ಟವರಲ್ಲ. ಕೆಳಗಿನ ಮನೆಯಿಂದ ಏರಿದ ದನಿ ನಮಗೆ ಒಂದು ದಿನವೂ ಕೇಳಿಸಲಿಲ್ಲ. ಅವರು ಎದೆನೋವಿನಿಂದ ಹೋದಾಗ ಬೀದಿಯೇ ಅತ್ತಿತು.

ಅವರ ಹೆಸರಿನಲ್ಲಿ ಒಂದು ಜೋಡಿ ನಳಿಗೆಯ ಬಂದೂಕಿತ್ತು. ಹಿಂದೆ ಬನ್ನೇರುಘಟ್ಟದ ಕಡೆಯಿಂದ ಕಾಡುಹಂದಿ ಹೊಲಕ್ಕೆ ನುಗ್ಗುತ್ತಿದ್ದ ಕಾಲದಲ್ಲಿ ಬೆಳೆ ಕಾಯಲು ಲೈಸೆನ್ಸ್ ಮಾಡಿಸಿದ್ದರಂತೆ. ಹೊಲ ಹೋಯಿತು, ಹಂದಿ ಹೋಯಿತು, ಬಂದೂಕು ಉಳಿಯಿತು. ಅವರು ತೀರಿಕೊಂಡ ಮೇಲೆ ಪೊಲೀಸರು ಹೇಳಿದಂತೆ ಅದನ್ನು ಬಂದೂಕಿನ ಅಂಗಡಿಯೊಂದರಲ್ಲಿ ಠೇವಣಿ ಇಟ್ಟರು. ಪಕ್ಕದ ಬಿಲ್ಡಿಂಗಿನಲ್ಲಿದ್ದ ಮಗ ಮಂಜುನಾಥನಿಗೆ ಸಿಮೆಂಟ್ ಅಂಗಡಿಯ ಗಲಾಟೆಯೇ ಸಾಕಾಗಿತ್ತು. "ನೀನೇ ಯಾರಿಗಾದ್ರೂ ಮಾರಮ್ಮ, ಪೇಪರ್ ನೋಡಕ್ಕೆ ಮೇಡಂ ಇದಾರಲ್ಲ," ಎಂದುಬಿಟ್ಟ.

ಹಾಗೆ ಆ ಕೆಲಸ ನನ್ನ ಪಾಲಿಗೆ ಬಂತು. ಲೈಸೆನ್ಸ್ ಇದ್ದವರಿಗಷ್ಟೇ ಮಾರಬಹುದು, ಮಾರುವ ಮೊದಲೇ ಪೊಲೀಸರಿಗೆ ಬರೆದು ತಿಳಿಸಬೇಕು ಎಂದು ಠಾಣೆಯಲ್ಲಿ ಹೇಳಿದ್ದರು. ಬಂದವರ ಲೈಸೆನ್ಸಿನ ಅಸಲು ಕೇಳುವುದು, ಫೋಟೋಗೂ ಮುಖಕ್ಕೂ ತಾಳೆ ನೋಡುವುದು, ಯಾವ ಬಂದೂಕಿಗೆ, ಎಲ್ಲಿಯವರೆಗೆ ಎಂದು ಓದುವುದು, ಕೊಟ್ಟ ಕಚೇರಿಗೇ ಫೋನ್ ಮಾಡಿ ನಿಜವೇ ಎಂದು ಕೇಳುವುದು, ಇಷ್ಟು ನನ್ನದು. ಗೌರಕ್ಕನದು ಬೇರೆ. "ಗಂಡಸಿನ ಗುಣ ಅವನ ಬಾಯಲ್ಲಿರಲ್ಲ, ಹೆಂಡ್ರ ಕಣ್ಣಲ್ಲಿರ್ತದೆ. ಕರ್ಕೊಂಬರಕ್ಕೇಳು."

ಮೊದಲು ಬಂದವನು ಸೈಟು ವ್ಯವಹಾರದವನು. "ಮಾತು ಮುಗಿಸ್ಬಿಡೋಣ ಅಕ್ಕ, ಲೈಸೆನ್ಸ್ ಆಮೇಲೆ ಮಾಡಿಸ್ಕೊಂತೀನಿ" ಎಂದ. ಗೌರಕ್ಕ, "ಮೊದ್ಲು ಮಗು ಹೆತ್ಕೊಂಡು ಆಮೇಲೆ ಮದ್ವೆ ಆಯ್ತೀಯಾ? ಎದ್ದೇಳಪ್ಪ" ಎಂದರು. ಇನ್ನೊಬ್ಬ ಜೆರಾಕ್ಸ್ ಮಾತ್ರ ತಂದಿದ್ದ. ಫೋನ್ ಮಾಡಿದರೆ ಅವನ ಲೈಸೆನ್ಸ್ ಯಾವತ್ತೋ ಮುಗಿದಿತ್ತು. ಮತ್ತೊಬ್ಬರು ನಿವೃತ್ತ ಸೈನಿಕರು, ಕಾಗದವೆಲ್ಲ ಚೊಕ್ಕ. ಆದರೆ ಅವರ ಹೆಂಡತಿ ಅಡುಗೆಮನೆಗೆ ಬರುವ ಮೊದಲೇ, "ಇವ್ರು ತರಲಿ, ನಾನದನ್ನ ಎತ್ತಿ ಬಾವಿಗೆ ಹಾಕ್ತೀನಿ" ಎಂದುಬಿಟ್ಟರು. ಗಂಡ ಹೆಂಡತಿ ಇಬ್ಬರೂ ನಗುತ್ತಾ ವಾಪಸ್ಸು ಹೋದರು. ಗೌರಕ್ಕನಿಗೆ ಆವತ್ತೆಲ್ಲ ಖುಷಿ. "ಅಂತಾ ಮನೇಗೆ ಕಣ್ಮುಚ್ಕಂಡು ಕೊಡಬೌದಿತ್ತು. ಅವ್ರಿಗೆ ಬೇಡ್ವಲ್ಲ!"

ಆಮೇಲೆ ಪ್ರಸನ್ನ ಬಂದ. ಬಿಟಿಎಂ ಲೇಔಟಿನಲ್ಲಿ ಎರಡು ಪಿ.ಜಿ. ಹಾಸ್ಟೆಲ್ ನಡೆಸುತ್ತಿದ್ದ. ಬಂದವನೇ ಗೌರಕ್ಕನ ಕಾಲು ಮುಟ್ಟಿ ನಮಸ್ಕರಿಸಿದ. ನಾನು ಕೇಳುವ ಮೊದಲೇ ಅಸಲು ಲೈಸೆನ್ಸ್ ಬಿಚ್ಚಿಟ್ಟ. ಕಚೇರಿಯಲ್ಲಿ ವಿಚಾರಿಸಿದೆ, ಒಂದು ಅಕ್ಷರವೂ ತಪ್ಪಿರಲಿಲ್ಲ.

"ಎಲ್ಲಾ ಸರಿ ಇದೆ ಗೌರಕ್ಕ," ಎಂದೆ.

"ಹೆಂಡ್ರು?"

"ಅದು ಕಾನೂನಲ್ಲಿಲ್ಲ."

"ನನ್ ತಾವ ಐತೆ."

ಭಾನುವಾರ ಅವನು ಹೆಂಡತಿ ಸವಿತಾಳನ್ನು ಕರೆತಂದ. ತೆಳ್ಳಗಿನ ಹುಡುಗಿ, ಒಳ್ಳೆಯ ಸೀರೆ, ತಲೆತುಂಬಾ ಹೂವು. ಅಡುಗೆಮನೆಯಲ್ಲಿ ನಾನೂ ಇದ್ದೆ. ಗೌರಕ್ಕ ಅವಳಿಗೆ ಕಾಫಿ ಕೊಟ್ಟು, "ಮನೇಲಿ ಬಂದೂಕ ಇರೋದು ಸರೀನಾ ಮಗಳೇ?" ಎಂದು ಕೇಳಿದರು.

"ಹೂಂ ಆಂಟಿ, ಅವರಿಗೆ ತುಂಬಾ ಇಷ್ಟ."

"ಅವ್ರಿಗಲ್ಲ. ನಿಂಗೆ?"

ಅಷ್ಟು ಹೊತ್ತಿಗೆ ಪಡಸಾಲೆಯಲ್ಲಿ ಮಂಜುನಾಥನ ಜೊತೆ ಪ್ರಸನ್ನ ಆಡುತ್ತಿದ್ದ ಮಾತು ನಿಂತಿತು. ಸವಿತಾ ಬಾಗಿಲ ಕಡೆ ನೋಡಿದಳು. "ನನಗೂ ಇಷ್ಟಾನೇ ಆಂಟಿ," ಎಂದಳು, ಆ ಪುಟ್ಟ ಅಡುಗೆಮನೆಯಲ್ಲಿ ಪಕ್ಕದಲ್ಲೇ ನಿಂತವರಿಗೆ ಬೇಕಾದ್ದಕ್ಕಿಂತ ಬಹಳ ಜೋರಾಗಿ.

ಗೌರಕ್ಕ ಹೊರಗೆ ಬಂದು, "ಕೊಡಕ್ಕಾಗಲ್ಲಪ್ಪ," ಎಂದರು.

"ಯಾಕಮ್ಮ? ಪೇಪರೆಲ್ಲಾ ಸರಿ ಇದೆಯಲ್ಲ?"

"ಪೇಪರ್ ಸರಿಯಾಗೇ ಐತೆ. ನಂಗೇ ಮನಸ್ಸಿಲ್ಲ."

ಅವನು ಸಿಟ್ಟಾಗಲಿಲ್ಲ. ನಗು ಹಾಗೇ ಇತ್ತು. ಹೆಂಡತಿಯ ಕಡೆ ತಿರುಗಿ ಮೆಲ್ಲಗೆ, "ಒಳಗೇನು ಹೇಳ್ದೆ?" ಎಂದು ಕೇಳಿದ. "ಅವ್ಳು ಇಷ್ಟ ಅಂತಾನೇ ಅಂದ್ಳಪ್ಪ," ಎಂದು ಗೌರಕ್ಕ ಗಾಬರಿಯಿಂದ ನಡುವೆ ಬಂದರು. ಅವರ ದನಿಯಲ್ಲಿ ಗಾಬರಿ ಕೇಳಿದ್ದು ನಾನು ಆವತ್ತೇ ಮೊದಲು.

ಕೆಲವು ವಾರಗಳಾದ ಮೇಲೆ, ಶಾಲೆಗೆ ರಜೆಯಿದ್ದು ನಾನೂ ಕೆಳಗೇ ಇದ್ದ ಒಂದು ಮಧ್ಯಾಹ್ನ, ಸವಿತಾ ಒಬ್ಬಳೇ ಬಂದಳು. ಕೂರು ಎಂದರೂ ಕೂರಲಿಲ್ಲ.

"ಕೊಟ್ಬಿಡಿ ಆಂಟಿ. ನಾನೇ ಏನೋ ಚಾಡಿ ಹೇಳಿದೀನಿ ಅಂತ ಅವರ ತಲೇಲಿ ಕೂತ್ಬಿಟ್ಟಿದೆ. ಅಡುಗೆಮನೇಲಿ ಏನು ಹೇಳ್ದೆ, ಏನು ಹೇಳ್ದೆ ಅಂತ ದಿನಾ ಅದೇ."

"ಹೊಡೀತಾನಾ?"

ಅವಳು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. "ಅದೊಂದು ಮನೆಗೆ ಬಂದ್ರೆ ಇದು ನಿಂತುಹೋಗುತ್ತೆ ಆಂಟಿ."

ಗೌರಕ್ಕ, ಅಲ್ಲಿ ನಾನಿದ್ದೇನೆ ಎನ್ನುವುದನ್ನೂ ಮರೆತವರಂತೆ ಹೇಳಿದರು: "ನಮ್ ಯಜಮಾನ್ರು ನನ್ ಮೇಲೆ ಒಂದಿನಾನೂ ಕೈ ಮಾಡ್ನಿಲ್ಲ ಕಣವ್ವ. ಜೋರಾಗೂ ಮಾತಾಡ್ನಿಲ್ಲ. ನಾನು ಎದುರಾಡಿದ್ ದಿನ, ತವ್ರಿಗೆ ಹೋಗ್ತೀನಿ ಅಂದಿದ್ ದಿನ, ಬಂದೂಕ ಈಚೆ ತೆಗೆಯೋರು. ಪಡಸಾಲೇಲಿ ಕೂತ್ಕಂಡು ಎಣ್ಣೆ ಹಾಕಿ ಒರೆಸೋರು. ಅಷ್ಟೇಯ. ನಾನು ಒಳೀಕ್ಕೋಗಿ ಸಾರಿಗೆ ಇಡ್ತಿದ್ದೆ. ಮದ್ವೆ ಆದಾಗಿಂದ ಅವ್ರು ಹೋಗೋಗಂಟ ಇಂಗೇ. ಅದು ಬಂದ್ರೆ ನಿಲ್ಲಲ್ಲ ಮಗಳೇ. ಸುರುವಾಗ್ತದೆ."

ಗೇಟಿನ ಹತ್ತಿರ ನಿಂತು ಚೆನ್ನಾಗಿದ್ದೀರಾ ಎಂದು ಕೇಳುತ್ತಿದ್ದ ಆ ಬಿಳಿ ಷರಟು ನನ್ನ ಕಣ್ಣ ಮುಂದೆ ಬಂತು. ನಾವು ಅವರ ತಲೆಯ ಮೇಲೇ ಸಂಸಾರ ಮಾಡಿಕೊಂಡಿದ್ದೆವು, ನಮಗೇನೂ ಗೊತ್ತಿರಲಿಲ್ಲ.

"ವಾಪಸ್ ಹೋಗ್ಬೇಡ. ಇಲ್ಲೇ ನನ್ ಜೊತೆ ಇರು," ಎಂದರು ಗೌರಕ್ಕ.

"ಎಷ್ಟು ದಿನ ಆಂಟಿ? ಅಮ್ಮನ ಮನೆಗೆ ಹೋಗಿದ್ದೆ. ಅಪ್ಪಾನೇ ಕರ್ಕೊಂಡು ಬಂದು ಬಿಟ್ಟು, ಅಳಿಯಂದಿರ ಹತ್ರ ಕ್ಷಮೆ ಕೇಳಿ ಹೋದ್ರು." ತಾನು ಬಂದಿದ್ದನ್ನು ಯಾರಿಗೂ ಹೇಳಬೇಡಿ ಎಂದು ಕೈಮುಗಿದು, ಆಟೋ ಹತ್ತಿ ಹೋದಳು.

ಮಾರನೆಯ ದಿನ ಗೌರಕ್ಕ ನನ್ನನ್ನು ಠಾಣೆಗೆ ಎಳೆದುಕೊಂಡು ಹೋದರು. ಹೆಸರು ಹೇಳದೆ, ಹೀಗೊಂದು ಮನೆ ಇದೆ, ಏನು ಮಾಡಬಹುದು ಎಂದು ಕೇಳಿದರು. ಅಲ್ಲಿದ್ದ ಅಧಿಕಾರಿ ಕುರ್ಚಿ ಕೊಟ್ಟು ಪೂರ್ತಿ ಕೇಳಿಸಿಕೊಂಡರು. "ಆ ಹುಡುಗಿ ಬಂದು ಹೇಳ್ಬೇಕಮ್ಮ. ನೀವು ಹೇಳಿದ್ರಿ ಅಂತ ನಾನು ಅವನನ್ನ ಕರೆಸಿ ಗದರಿಸ್ತೀನಿ ಅಂತಿಟ್ಕೊಳಿ. ಆಮೇಲೆ ಅವನು ಹೋಗೋದು ಮನೆಗೇ ತಾನೇ?" ಗೌರಕ್ಕ ಹೊರಗೆ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಕೊಡ್ನಿಲ್ಲ ಅಂತ ಅವ್ಳಿಗೆ ಏಟು. ಕೊಟ್ಟಿದ್ರೆ ಅವ್ಳಿಗೆ ಭಯ. ನಾನು ಅವ್ಳನ್ನ ಒಳೀಕೆ ಕರ್ದು ಕೇಳ್ದೆ ನೋಡು, ಅದೇ ತಪ್ಪಾಯ್ತು."

ಆ ಬಂದೂಕು ಯಾರ ಮನೆಗೂ ಬೇಡ, ಸರ್ಕಾರಕ್ಕೇ ಒಪ್ಪಿಸಿ ನಾಶಮಾಡಿಸೋಣ ಎಂದು ನಿರ್ಧರಿಸಿದರು. ಅದಕ್ಕೆ ಮಗನ ಒಪ್ಪಿಗೆಯೂ ಬೇಕಿತ್ತು. ಮಂಜುನಾಥ ಸಹಿ ಹಾಕಲಿಲ್ಲ. "ಅಪ್ಪ ಮಗು ಥರ ನೋಡ್ಕೊಂಡಿದ್ದ ವಸ್ತು ಅದು. ಅದನ್ನ ಪುಡಿ ಮಾಡಿಸ್ತೀಯಾ? ಯಾರೋ ಹೆಂಗಸು ಅಡುಗೆಮನೇಲಿ ಜೋರಾಗಿ ಮಾತಾಡಿದ್ಳು ಅಂತ?"

"ಅವನಿಗೆ ನಿಜ ಹೇಳಿಬಿಡಿ ಗೌರಕ್ಕ," ಎಂದೆ ನಾನು.

"ಏನಂತ ಏಳ್ಲಿ? ನಿಮ್ಮಪ್ಪ ಬಂದೂಕ ಒರೆಸ್ತಿದ್ರು ಅನ್ಲಾ? ಒರೆಸ್ದೆ ಇನ್ನೇನ್ ಮಾಡ್ತಾರೆ ಅಂತಾನೆ."

ಆಮೇಲೆ ಬಂದವರನ್ನೆಲ್ಲ ಗೇಟಿನಿಂದಲೇ ವಾಪಸ್ಸು ಕಳಿಸಿದರು. ಬಂದೂಕು ಅಂಗಡಿಯಲ್ಲೇ ಇತ್ತು. ಪ್ರಸನ್ನ ಹಬ್ಬಕ್ಕೊಮ್ಮೆ ಸ್ವೀಟ್ ಬಾಕ್ಸ್ ಹಿಡಿದು ಬರುತ್ತಿದ್ದ. "ಮನಸ್ಸು ಬದಲಾಯಿತೇನಮ್ಮ?" ಎಂದು ವಿನಯದಿಂದ ಕೇಳುತ್ತಿದ್ದ. ಸವಿತಾಳನ್ನು ಮತ್ತೆ ಕರೆತರಲಿಲ್ಲ. ಗೌರಕ್ಕ ಜಗುಲಿಗೆ ಬರುವುದು ಕಮ್ಮಿಯಾಯಿತು. ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು, ಲಕ್ವ ಹೊಡೆದಿತ್ತು. ಬಾಯಿ ಒಂದು ಕಡೆಗೆ ಎಳೆದುಕೊಂಡು ಮಾತು ನಿಂತಿತು. ಜಯನಗರದ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಏನೋ ಹೇಳಲು ಒದ್ದಾಡಿದರು. ಎಷ್ಟು ಬಗ್ಗಿ ಕೇಳಿದರೂ ನನಗೆ ಅರ್ಥವಾಗಲಿಲ್ಲ. ಬೇಸಿಗೆ ಮುಗಿಯುವ ಮುಂಚೆ ಹೋದರು.

ನಾವು ಜೆ.ಪಿ. ನಗರಕ್ಕೆ ಮನೆ ಬದಲಾಯಿಸಿದೆವು. ವರ್ಷದ ತಿಥಿಗೆ ಮಂಜುನಾಥ ಕರೆದಿದ್ದ. ಹೋದೆ. ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದವನು ಪ್ರಸನ್ನ. ಮಂಜುನಾಥ ನನ್ನ ಪಕ್ಕಕ್ಕೆ ಬಂದು, "ಮೇಡಂ, ಒಂದು ತಲೆನೋವು ಕಳೀತು. ಬಂದೂಕು ಕೊಟ್ಬಿಟ್ಟೆ" ಎಂದ.

"ಯಾರಿಗೆ?"

ಗದ್ದ ಎತ್ತಿ ಪ್ರಸನ್ನನ ಕಡೆ ತೋರಿಸಿದ. "ಎಲ್ಲಾ ನೀವು ಮಾಡ್ತಿದ್ದ ಹಾಗೇ ಮಾಡಿದೀನಿ ಮೇಡಂ. ಒರಿಜಿನಲ್ ನೋಡ್ದೆ, ಆಫೀಸಿಗೆ ಫೋನ್ ಮಾಡ್ದೆ, ಪೊಲೀಸರಿಗೆ ಮುಂಚೇನೇ ಬರೆದುಕೊಟ್ಟೆ. ಪಕ್ಕಾ."

"ಅಮ್ಮ ಬೇಡ ಅಂದಿದ್ರಲ್ಲ ಮಂಜುನಾಥ್."

"ಅಮ್ಮನಿಗೆ ಕೊನೆಕೊನೆಗೆ ಎಲ್ಲರ ಮೇಲೂ ಅನುಮಾನ ಮೇಡಂ. ಒಳ್ಳೆಯವರು ಅವರು. ಈಗ ನನ್ನ ಹತ್ರಾನೇ ಸಿಮೆಂಟ್ ತಗೋತಾರೆ."

ನನ್ನ ಪಕ್ಕದ ಎಲೆಗೆ ಬಂದು ಕೂತವಳು ಸವಿತಾ. ಮೊದಲಿಗಿಂತ ಸ್ವಲ್ಪ ದಪ್ಪಗಾಗಿದ್ದಳು. ಗೋಡೆಯ ಮೇಲೆ ಹಾರ ಹಾಕಿದ್ದ ಗೌರಕ್ಕನ ಫೋಟೋ ಕಡೆ ನೋಡದೆ, ಎಲೆಯ ಮೇಲಿನ ಅನ್ನ ಕಲಸುತ್ತಾ ಮೆಲ್ಲಗೆ ಹೇಳಿದಳು.

"ಆಂಟಿ ಇನ್ನಷ್ಟು ವರ್ಷ ಇರ್ಬೇಕಿತ್ತು."

"ನನ್ನ ನಂಬರ್ ಕೊಡ್ತೀನಿ, ಫೋನಿಗೆ ಹಾಕ್ಕೋ," ಎಂದೆ.

"ಫೋನ್ ಅವರ ಹತ್ರಾನೇ ಇರುತ್ತೆ ಮೇಡಂ."

ಎಲೆಗೆ ಪಾಯಸ ಬಂತು. ಅವಳು ಇನ್ನೂ ಮುಟ್ಟಿರಲಿಲ್ಲ, ನೀರಿನ ಜಗ್ ಹಿಡಿದು ಪ್ರಸನ್ನ ನಮ್ಮೆದುರು ನಿಂತ. "ಚೆನ್ನಾಗಿದ್ದೀರಾ ಮೇಡಂ? ನಿಧಾನಕ್ಕೆ ಊಟ ಮಾಡಿ," ಎಂದು ನನಗೆ ಹೇಳಿ, ಅವಳಿಗೆ "ಹೊರಡೋಣ್ವಾ?" ಎಂದ. ಅಷ್ಟೇ. ಮೆತ್ತಗೇ ಹೇಳಿದ.

ಸವಿತಾ ಎಲೆ ಮಡಿಚಿ ಎದ್ದಳು. ನಾನು ಕೈ ತೊಳೆದುಕೊಂಡು ಗೇಟಿಗೆ ಬರುವಷ್ಟರಲ್ಲಿ ಅವರ ಕಾರು ಬನ್ನೇರುಘಟ್ಟ ರಸ್ತೆಯ ಕಡೆ ತಿರುಗಿ ಹೋಗಿತ್ತು.