ಬ್ರೀದರ್ ಪೈಪಿಗೆ ಬಿರಡೆ ಜಡಿದವರು

ಕೋವಿಡ್ ಮುಗಿದು ಕಾರ್ಖಾನೆಗಳು ಮತ್ತೆ ಮೂರು ಶಿಫ್ಟಿಗೆ ಮರಳಿದ್ದ ವರ್ಷ. ಬೊಮ್ಮಸಂದ್ರದ ಒಳರಸ್ತೆಯಲ್ಲಿ ನನ್ನ ಗ್ಯಾರೇಜು ಆಗಲೇ ಹಳೆಯದಾಗಿತ್ತು. ಹಳೆ ಬೈಕುಗಳ ಇಂಜಿನ್ ಕೆಲಸವೇ ನನ್ನ ಕಸುಬು. ಹೊಸ ಗಾಡಿಗಳಿಗೆ ಷೋರೂಮಿದೆ, ಹಳೆಯವಕ್ಕೆ ನನ್ನಂಥವರೇ ಗತಿ. ಆ ವರ್ಷ ಆಯುಧಪೂಜೆ ಕಳೆದ ಮೇಲೆ ಬಂದ ಒಂದು ಗಾಡಿಯನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಗಾಡಿ ಯಂಕಪ್ಪನದು. ಕೊಪ್ಪಳದ ಕಡೆಯವನು. ಅವನೂ ಹೆಂಡತಿ ರೇಣುಕಾಳೂ ಹತ್ತಿರದ ಒಂದು ಔಷಧ ಕಾರ್ಖಾನೆಯಲ್ಲಿ ಒಂದೇ ಶಿಫ್ಟಿನಲ್ಲಿ ದುಡಿಯುತ್ತಿದ್ದರು, ಆ ಬೈಕಿನಲ್ಲೇ ಹೋಗಿಬರುತ್ತಿದ್ದರು. ಅವತ್ತು ಅವನು ಗಾಡಿ ತಳ್ಳಿಕೊಂಡು ಬಂದ. ಹಿಂದಿನ ದಿನ ತಿರುವಿನಲ್ಲಿ ಹಿಂಚಕ್ರ ಜಾರಿ ಇಬ್ಬರೂ ಬಿದ್ದಿದ್ದರು. ರೇಣುಕಾಳ ಮುಂಗೈ ಮುರಿದಿತ್ತು. ಮಳೆಯಿಲ್ಲ, ಮರಳಿಲ್ಲ, ಒಣ ರಸ್ತೆಯಲ್ಲಿ ಹೇಗೆ ಬಿದ್ದೆ ಎಂದು ವಠಾರವೆಲ್ಲ ಅವನಿಗೇ ಉಗಿದಿತ್ತು. ಕುಡಿದಿದ್ದನೆಂಬ ಗುಸುಗುಸು ಬೇರೆ. ಇನ್ನು ನಿನ್ನ ಹಿಂದೆ ಕೂರುವುದಿಲ್ಲ ಎಂದು ರೇಣುಕಾ ಹೇಳಿಬಿಟ್ಟಿದ್ದಳು.

"ನಾ ಕುಡದಿಲ್ರಿ ಅಣ್ಣಾರ. ಹೆಂಗ ಜಾರ್ತೋ ನನಗಾ ತಿಳೀವಲ್ದು," ಎಂದ. ಕಣ್ಣಲ್ಲಿ ನೀರಿತ್ತು.

ಟೈರು ಮುಟ್ಟಿದೆ. ಬೆರಳೆಲ್ಲ ಎಣ್ಣೆ. ಚೈನು ತಿರುಗಿಸುವ ಮುಂದಿನ ಸ್ಪ್ರಾಕೆಟ್ಟಿನ ಹಿಂದೆ, ಇಂಜಿನ್ನಿನಿಂದ ಶಾಫ್ಟ್ ಹೊರಬರುವ ಜಾಗದಲ್ಲಿ ರಬ್ಬರಿನ ಬಳೆಯಂಥದ್ದೊಂದು ಇರುತ್ತದೆ. ಅದೇ ಆಯಿಲ್ ಸೀಲ್. ಅದು ಸೋರಿದರೆ ಎಣ್ಣೆ ಚೈನಿಗೆ ಹರಿದು ಅಲ್ಲಿಂದ ಟೈರಿಗೆ ಸಿಡಿಯುತ್ತದೆ. ಸ್ವಲ್ಪ ದಿನದ ಹಿಂದಷ್ಟೇ ಬೇರೆ ಗ್ಯಾರೇಜಿನಲ್ಲಿ ಸೀಲು ಬದಲಿಸಿದ್ದರಂತೆ. ಕವರ್ ಬಿಚ್ಚಿ ನೋಡಿದರೆ ಹೊಸದೇ ಇತ್ತು, ಅಂಚೂ ಸವೆದಿರಲಿಲ್ಲ. ಆದರೆ ಕೂರಬೇಕಾದ ಜಾಗದಿಂದ ಅರ್ಧ ಹೊರಗೆ ಬಂದಿತ್ತು. ಸೀಲು ತಾನಾಗಿ ಹೊರಗೆ ಬರುವುದಿಲ್ಲ, ಒಳಗಿನ ಒತ್ತಡ ನೂಕಬೇಕು.

ಹಳೆ ಇಂಜಿನ್ನಿನಲ್ಲಿ ಪಿಸ್ಟನ್ ರಿಂಗು ಸವೆದು ಗಾಳಿ ಕೆಳಗಿಳಿಯುತ್ತದೆ. ಅದು ಹೊರಹೋಗಲೆಂದೇ ಬ್ರೀದರ್ ಪೈಪ್ ಎಂಬ ಸಣ್ಣ ಕೊಳವೆ ಇದೆ. ಅದರ ತುದಿಯಿಂದ ಒಂದೆರಡು ತೊಟ್ಟು ಎಣ್ಣೆ ಬೀಳುವುದು ಸಹಜ. ಆ ಪೈಪನ್ನು ಹುಡುಕಿ ಎಳೆದೆ. ತುದಿಯಲ್ಲಿ ಬೂದು ಬಣ್ಣದ ರಬ್ಬರ್ ಬಿರಡೆ ಜಡಿದು, ಮೇಲೆ ತಂತಿ ಬಿಗಿದಿದ್ದರು. ಹೊರದಾರಿ ಸಿಗದ ಗಾಳಿ ಸೀಲನ್ನೇ ನೂಕಿತ್ತು. ಯಂಕಪ್ಪ ಕಿತ್ತ ಬಿರಡೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

"ಇದು ಇಂಜೆಕ್ಷನ್ ಬಾಟ್ಲಿ ಬಿರಡಿ ರೀ. ನಮ್ಮ ಲೈನಿನ್ಯಾಗ ಹಾಕೋದು ಇದನ್ನಾ."

ಹಬ್ಬಕ್ಕೆಂದು ಕಾರ್ಖಾನೆಯ ಪಾರ್ಕಿಂಗ್ ನೆಲಕ್ಕೆ ಹೊಸ ಪೇಂಟ್ ಹೊಡೆಸಿದ್ದರಂತೆ. ಅಲ್ಲಿಯವರೆಗೆ ಹಳೆ ಗಾಡಿಯವರು ಎಣ್ಣೆ ನೆಲಕ್ಕೆ ತೊಟ್ಟಿಕ್ಕದಿರಲೆಂದು ಇಂಜಿನ್ ಕೆಳಗೆ ರಟ್ಟಿನ ತುಂಡು ಹಾಸುತ್ತಿದ್ದರು. ರಟ್ಟು ಅಸಹ್ಯವೆಂದು ಅದನ್ನೂ ನಿಲ್ಲಿಸಿದ್ದರು. ಹೊಸ ಸೀಲು ಕೂರಿಸಿ, ಟೈರು ತೊಳೆದು, ಅದೇ ಬೈಕಿನಲ್ಲಿ ಯಂಕಪ್ಪನನ್ನು ಕೂರಿಸಿಕೊಂಡು ಸೀದಾ ಗೇಟಿಗೆ ಹೋದೆ. ಬಿರಡೆ ತೋರಿಸಿದರೆ ಪಾರ್ಕಿಂಗ್ ಸೂಪರ್‌ವೈಸರ್‌ಗೆ ನಾಚಿಕೆಯೂ ಆಗಲಿಲ್ಲ. ಕಾರ್ಮಿಕರು ಒಳಗೆ ಕೆಲಸದಲ್ಲಿದ್ದಾಗ ತೊಟ್ಟಿಕ್ಕುವ ಗಾಡಿಗಳಿಗೆಲ್ಲ ತಾನೇ ಹಾಕಿಸಿದ್ದೆಂದು ಹೆಮ್ಮೆಯಿಂದ ಹೇಳಿದ.

"ನೋಡ್ರೀ, ನೆಲದ ಮೇಲೆ ಒಂದು ತೊಟ್ಟಾದ್ರೂ ಇದ್ಯಾ?"

ನನ್ನ ತಲೆ ಕೆಟ್ಟುಹೋಯಿತು. "ನಿಮ್ಮ ನೆಲಕ್ಕೆ ಬೀಳಬೇಕಾಗಿದ್ದ ಎಣ್ಣೆ ಇವರ ಟೈರಿಗೆ ಬಿತ್ತು. ಒಬ್ಬ ಹೆಣ್ಣುಮಗಳ ಕೈ ಮುರೀತು. ಎಲ್ಲಾ ಗಾಡೀದೂ ಈಗ್ಲೇ ತೆಗೆಸಿ. ಇಲ್ಲಾಂದ್ರೆ ನಾನಿಲ್ಲಿಂದ ಕದಲಲ್ಲ."

ಅವನು ಮೇಲಿನವರನ್ನು ಕೇಳಬೇಕು ಎಂದು ರಾಗ ಎಳೆದ. ಕೇಳದೆ ಹಾಕಿಸಲು ಬಂದಿತ್ತು, ತೆಗೆಸಲು ಮಾತ್ರ ಅಪ್ಪಣೆ ಬೇಕಿತ್ತು! ಅಷ್ಟರಲ್ಲಿ ಶಿಫ್ಟ್ ಬಿಟ್ಟಿತು. ಯಂಕಪ್ಪ ಬಿರಡೆ ಎತ್ತಿ ತೋರಿಸಿ ಎಲ್ಲರಿಗೂ ವಿಷಯ ತಿಳಿಸಿದ. ಹಳೆ ಗಾಡಿಯವರೆಲ್ಲ ತಂತಮ್ಮ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಪೈಪಿಗೆ ಕೈ ಹಾಕಿದರು. ಕಿತ್ತ ಬಿರಡೆಗಳನ್ನು ಸೂಪರ್‌ವೈಸರನ ಮೇಜಿನ ಮೇಲೆ ತಂದು ಸುರಿದರು.

ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಎಲ್ಲರೂ ನೋಡುತ್ತಾರೆ. ಯಾಕೆ ಸೋರುತ್ತಿದೆ ಎಂದು ನೋಡುವುದೇ ಕಸುಬು. ಅಂದಿನಿಂದ ಸೀಲು ಬದಲಿಸುವ ಮೊದಲು ನಾನು ಬ್ರೀದರ್ ಪೈಪ್ ಊದಿ ನೋಡುತ್ತೇನೆ.

ಕೈಯ ಪಟ್ಟಿ ಬಿಚ್ಚಿದ ಮೇಲೆ ರೇಣುಕಾ ಗಂಡನೊಡನೆ ಗ್ಯಾರೇಜಿಗೆ ಬಂದಳು. ಎಲ್ಲ ಸರಿಯಿದೆಯಮ್ಮಾ, ಧೈರ್ಯವಾಗಿ ಕೂತ್ಕೊ ಎಂದೆ. ಅವಳು ಬಗ್ಗಿ, ಇನ್ನೂ ಸರಿಯಾಗಿ ಮಡಚಲು ಬಾರದ ಕೈಯಿಂದಲೇ ಬ್ರೀದರ್ ಪೈಪಿನ ತುದಿಗೆ ಬೆರಳಿಟ್ಟು ನೋಡಿದಳು. ಆಮೇಲೆ ಗಂಡನ ಹೆಗಲು ಹಿಡಿದು ಹತ್ತಿ ಕೂತಳು.